ಸವಳಂಗ ದಾಟಿದ ಮೇಲೆ ನಿಲ್ಲದ ತಂಪು

ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿಯಿತು ಅನ್ನುವಷ್ಟರಲ್ಲಿ ಎಡಕ್ಕೊಂದು ತಗಡಿನ ಶೆಡ್ಡು. ಇನ್ನೂ ಬೆಳಕು ಹರಿದಿಲ್ಲ. ಒಳಗೆ ಏಳು ಸೀಟಿನ ಹಳೇ ಗಾಡಿಯೊಂದು ಬಾನೆಟ್ ಎತ್ತಿಕೊಂಡು ನಿಂತಿದೆ. ಅದರ ಮೇಲೆ ಬಗ್ಗಿದ ಹೆಂಗಸು ಸೀರೆಯ ಮೇಲೆ ಗಂಡಸರ ಖಾಕಿ ಅಂಗಿ ತೊಟ್ಟಿದ್ದಾರೆ. ಕಣ್ಣಿಗೆ ಹಳದಿ ಗಾಜಿನ ಕನ್ನಡಕ, ಕೈಯಲ್ಲಿ ನೇರಳೆ ಬೆಳಕಿನ ಟಾರ್ಚು. ಏಸಿಯ ಗ್ಯಾಸಿನ ಜೊತೆ ಒಂದು ಬಗೆಯ ಬಣ್ಣ ಬಿಟ್ಟು ಗಾಡಿ ಓಡಿಸಿದರೆ, ಪೈಪು ಎಲ್ಲಿ ಸೋರುತ್ತಿದೆಯೋ ಅಲ್ಲಿ ಈ ಟಾರ್ಚಿನ ಬೆಳಕಿಗೆ ಹಸಿರು ಹೊಳೆಯುತ್ತದೆ. ಹಗಲಲ್ಲಿ ಅದು ಕಣ್ಣಿಗೆ ಬೀಳುವುದು ಕಷ್ಟ. ಹಾಗಾಗಿ ಯಶೋಧರಾ ಅವರ ಕೆಲಸ ಕೋಳಿ ಕೂಗುವ ಮೊದಲೇ ಶುರುವಾಗುತ್ತದೆ.

ಒಂದೊಂದು ಜೋಡಣೆಯ ಮೇಲೂ ಬೆಳಕು ಬಿಡುತ್ತಾರೆ. ಪೈಪಿನ ಹೊಟ್ಟೆಯ ಕೆಳಗೆ ಬೆರಳಾಡಿಸಿ, ಬೆರಳನ್ನು ಟಾರ್ಚಿನ ಮುಂದೆ ಹಿಡಿದು ನೋಡುತ್ತಾರೆ. ನೆಲಕ್ಕೆ ಗೋಣಿಚೀಲ ಹಾಸಿ, ಅಂಗಾತ ಮಲಗಿ, ಗಾಡಿಯ ಅಡಿಗೆ ಜಾರುತ್ತಾರೆ. ಹೊರಗೆ ಬಂದಾಗ ಕೂದಲ ತುಂಬಾ ಮಣ್ಣು.

“ಎಲ್ಲೂ ಹಸಿರು ಕಾಣ್ತಿಲ್ಲ ರೀ,” ಎನ್ನುತ್ತಾರೆ. ಹೇಳುವುದು ಶೆಡ್ಡಿನ ಹಿಂದಿನ ತಗಡಿನ ಗೋಡೆಗೆ.

ಗೋಡೆಯಾಚೆ ಅವರ ಮನೆ. ಉತ್ತರ ಬರುವುದು ತಡವಾಗುತ್ತದೆ. ಮೊದಲು ಕೆಮ್ಮು, ಆಮೇಲೆ ಮಂಚದ ಕಿರುಗುಟ್ಟು, ಕೊನೆಗೆ ಗಂಡಸಿನ ದನಿ.

“ಸರಿಯಾಗಿ ನೋಡು. ಗ್ಯಾಸ್ ಎಲ್ಲೋ ಹೋಗ್ತಿರಬೇಕು.”

“ಎರಡು ಸಲ ನೋಡ್ದೆ.”

“ಮೂರನೇ ಸಲ ನೋಡು.”

ಯಶೋಧರಾ ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗುತ್ತಾರೆ. ಅಷ್ಟರಲ್ಲಿ ರಸ್ತೆಯ ಆಚೆಯ ಹುಣಸೆಮರದ ತುದಿಗೆ ಬೆಳಕು ತಗುಲುತ್ತದೆ. ಇನ್ನು ಹಸಿರು ಹೊಳೆದರೂ ಕಾಣುವುದಿಲ್ಲ. ಟಾರ್ಚು ಆರಿಸಿ, ಗಾಡಿಯ ಮುಂದಿನ ಬಂಪರಿಗೆ ಒರಗಿ ಕೂರುತ್ತಾರೆ. ಇದೇ ಗಾಡಿ ಇದೇ ದೂರಿಗೆ ಅವರ ಶೆಡ್ಡಿಗೆ ಬಂದಿರುವುದು ಇದು ಮೂರನೇ ಬಾರಿ. ಏಸಿ ಹಾಕಿದ ಕೂಡಲೇ ಒಳ್ಳೆ ತಂಪು. ದೂರ ಹೋದಂತೆ ತಂಪು ನಿಲ್ಲುವುದಿಲ್ಲ.

ಶೆಡ್ಡಿನ ಮೇಲಿನ ಬೋರ್ಡಿನಲ್ಲಿ ಇರುವುದು ಯಶೋಧರಾ ಅವರ ಹೆಸರಲ್ಲ. ‘ಚೌಡೇಶ್ ಕಾರ್ ಏಸಿ ವರ್ಕ್ಸ್’ ಎಂದಿದೆ. ಚೌಡೇಶ್ ಎಂದರೆ ಯಶೋಧರಾ ಅವರ ಗಂಡ, ಗೋಡೆಯಾಚೆಯ ದನಿ. ದಾವಣಗೆರೆಯ ಗ್ಯಾರೇಜೊಂದರಲ್ಲಿ ಕೆಲಸ ಕಲಿತು ಬಂದು ಇಲ್ಲಿ ಶೆಡ್ಡು ಹಾಕಿದಾಗ ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನಲ್ಲಿ ಕಾರಿನ ಏಸಿ ಬಿಚ್ಚುವವರು ಬೇರೆ ಇರಲಿಲ್ಲ. ಬೇಸಿಗೆಯಲ್ಲಿ ಶೆಡ್ಡಿನ ಮುಂದೆ ಗಾಡಿಗಳು ಸಾಲುಗಟ್ಟುತ್ತಿದ್ದವು. ಬಂದಳಿಕೆಯ ಯಶೋಧರಾ ಮದುವೆಯಾಗಿ ಬಂದದ್ದು ಆ ಕಾಲದಲ್ಲಿ. ಆಗ ಅವರು ಮನೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದರು. ಶೆಡ್ಡಿಗೆ ಕಾಲಿಡುತ್ತಿದ್ದುದು ಚಹಾ ಕೊಡಲು ಮಾತ್ರ.

“ಗಾಡಿ ಸದ್ದು ಕೇಳಿದ್ರೆ ಸಾಕು, ಏನಾಗೇತಿ ಅಂತ ಹೇಳೋರು,” ಎಂದು ಗಂಡನ ಬಗ್ಗೆ ಹೇಳುವಾಗ ಅವರ ಮುಖ ಈಗಲೂ ಅರಳುತ್ತದೆ. ಆಮೇಲೆ ತಾವೇ ಅದನ್ನು ಮುದುಡಿಸಿಕೊಳ್ಳುತ್ತಾರೆ. “ಅದೆಲ್ಲ ಆಗ.”

ಕೆಲವು ವರ್ಷಗಳ ಹಿಂದೆ, ಸುಡು ಬಿಸಿಲಿನ ಒಂದು ಮಧ್ಯಾಹ್ನ, ಗ್ಯಾಸು ತುಂಬುತ್ತಿದ್ದಾಗ ಹಳೆಯದಾಗಿದ್ದ ಪೈಪು ಸಿಡಿಯಿತು. ಚೌಡೇಶ್ ಅದರ ಮೇಲೇ ಬಗ್ಗಿದ್ದರು. ಕನ್ನಡಕ ಹಾಕಿರಲಿಲ್ಲ. ಆ ಗ್ಯಾಸು ದ್ರವವಾಗಿ ಹೊರಬಿದ್ದರೆ ತಗುಲಿದ್ದನ್ನೆಲ್ಲ ಹೆಪ್ಪುಗಟ್ಟಿಸುತ್ತದೆ. ಅದು ಎರಡೂ ಕಣ್ಣಿಗೆ ಹೊಡೆಯಿತು. ಹೊಲಿಗೆ ಬಿಟ್ಟು ಓಡಿಬಂದ ಯಶೋಧರಾ ನೋಡಿದ್ದು ನೆಲಕ್ಕೆ ಕೂತು ಎರಡೂ ಅಂಗೈಯಿಂದ ಮುಖ ಒತ್ತಿಕೊಂಡಿದ್ದ ಗಂಡನನ್ನು. “ಕೂಗ್ಲಿಲ್ಲ. ‘ಕಾಣ್ತಿಲ್ಲ ಯಶೋಧಾ’ ಅಂತ ಒಂದೇ ಮಾತು. ಅದೂ ಮೆಲ್ಲಗೆ, ಯಾರಿಗೂ ಗೊತ್ತಾಗಬಾರ್ದು ಅನ್ನೋ ಹಂಗೆ.” ಆಟೋದಲ್ಲಿ ಇಲ್ಲಿನ ಆಸ್ಪತ್ರೆ, ಅಲ್ಲಿಂದ ಶಿವಮೊಗ್ಗ, ಮತ್ತೆ ಮಣಿಪಾಲ. ಒಂದು ಕಣ್ಣು ಹೋಯಿತು. ಇನ್ನೊಂದರಲ್ಲಿ ಉಳಿದದ್ದು ಮಂಜು; ಕಿಟಕಿ ಎಲ್ಲಿದೆ ಎಂದು ತಿಳಿಯುವಷ್ಟು ಮಾತ್ರ.

ಮೊದಮೊದಲು ಚೌಡೇಶ್ ಶೆಡ್ಡಿಗೆ ಬಂದು ಕೂರುತ್ತಿದ್ದರು. ಹೆಂಡತಿಯ ಕೈ ಹಿಡಿದು ಪೈಪಿನ ಮೇಲೆ ಇಡುತ್ತಿದ್ದರು. ಇದು ಬಿಸಿ ಇರಬೇಕು, ಇದು ತಣ್ಣಗಿರಬೇಕು, ಇವೆರಡೂ ಒಂದೇ ಥರ ಬೆಚ್ಚಗಿದ್ದರೆ ಗ್ಯಾಸನ್ನು ಒತ್ತಿ ತಿರುಗಿಸುವ ಕಂಪ್ರೆಸರ್ ಎಳೆಯುತ್ತಿಲ್ಲ ಅಂತ ಅರ್ಥ: ಹೀಗೆ ಒಂದೊಂದಾಗಿ ಹೇಳಿಕೊಟ್ಟರು. ಹೇಳಿದ್ದನ್ನು ಒಂದೇ ಸಲಕ್ಕೆ ತಿಳಿದುಕೊಳ್ಳದಿದ್ದರೆ ಬೈಯುತ್ತಿದ್ದರು. ಸ್ಪ್ಯಾನರ್ ಎಸೆದದ್ದೂ ಉಂಟು. ಆದರೂ ಆ ದಿನಗಳೇ ಚೆನ್ನಾಗಿದ್ದವು ಎನ್ನುತ್ತಾರೆ ಯಶೋಧರಾ. “ಬೈತಿದ್ರು ಅಂದ್ರೆ ಜೊತೆಗಿದ್ರು ಅಂತ ಅಲ್ವಾ?”

ಒಂದು ದಿನ ಹೊಸ ಗಾಡಿಯವನೊಬ್ಬ ಬಂದ. ಬಾನೆಟ್ ಎತ್ತುವ ಮೊದಲು ಚೌಡೇಶ್ ಅವರ ಮುಖ ನೋಡಿದ. ಜೊತೆಗಿದ್ದವನ ಕಡೆ ತಿರುಗಿ, “ಕುರುಡ ಹೇಳ್ತಾನೆ, ಹೆಂಗಸು ಬಿಚ್ತಾಳೆ. ನಮ್ಮ ಗಾಡಿ ಇಲ್ಲಿ ಬೇಡ ಮಾರಾಯ,” ಎಂದ. ಮೆಲ್ಲಗೆ ಹೇಳಿದ್ದ. ಆದರೆ ಕಣ್ಣು ಹೋದವರ ಕಿವಿ ಚುರುಕು. ಚೌಡೇಶ್ ಎದ್ದರು, ಗೋಡೆ ಸವರಿಕೊಂಡು ಒಳಗೆ ಹೋದರು. ಮತ್ತೆ ಶೆಡ್ಡಿಗೆ ಬರಲಿಲ್ಲ.

ಅಂದಿನಿಂದ ಯಶೋಧರಾ ತಾವು ಕಂಡದ್ದನ್ನು ಗೋಡೆಗೆ ಹೇಳುತ್ತಾರೆ, ಗೋಡೆಯಾಚೆಯಿಂದ ಬಂದ ಮಾತಿನಂತೆ ಕೆಲಸ ಮಾಡುತ್ತಾರೆ. ಕೆಲವು ದಿನ ಮಾತು ಬರುತ್ತದೆ. ಕೆಲವು ದಿನ ಎಷ್ಟು ಕರೆದರೂ ಬರುವುದಿಲ್ಲ. ಮಗಳು ನಾಗಶ್ರೀ ದಾವಣಗೆರೆಯ ಹಾಸ್ಟೆಲಿನಿಂದ ಫೋನ್ ಮಾಡಿದರೆ, “ಅಪ್ಪ ಮಲಗ್ಯಾರೆ” ಎಂದು ಹೇಳುವುದು ರೂಢಿಯಾಗಿಬಿಟ್ಟಿದೆ. ಶೆಡ್ಡಿನ ಮುಂದಿನ ಸಾಲು ಕರಗಿದೆ. ಹೊಸ ಗಾಡಿಗಳೆಲ್ಲ ಶಿವಮೊಗ್ಗದ ಶೋರೂಮಿಗೇ ಹೋಗುತ್ತವೆ. ಇಲ್ಲಿಗೆ ಬರುವುದು ಹಳೆಯವು, ಬೇರೆಡೆ ಕೈಬಿಟ್ಟಂಥವು. ಬಂದವರೂ ಮೊದಲು ಕೇಳುವುದು, “ಮೇಸ್ತ್ರಿ ಇಲ್ವೇನಮ್ಮ?” ಎಂದು.

“ಒಳಗದಾರೆ ಅಂತೀನಿ. ಸುಳ್ಳಲ್ಲವಲ್ಲ,” ಎನ್ನುತ್ತಾರೆ ಯಶೋಧರಾ. ಅವರ ಬಲಗೈಯ ಎರಡು ಬೆರಳ ತುದಿ ಬೆಳ್ಳಗಾಗಿದೆ. ಗ್ಯಾಸು ತಗುಲಿ ತಗುಲಿ ಅಲ್ಲಿ ಚರ್ಮ ಸತ್ತಿದೆ. ಬಿಸಿಯೋ ತಂಪೋ ಅಂತ ನೋಡಲು ಈಗ ಎಡಗೈ ಬಳಸುತ್ತಾರೆ.

ಆ ಮುಂಜಾನೆ ಶೆಡ್ಡಿನಲ್ಲಿದ್ದ ಏಳು ಸೀಟಿನ ಗಾಡಿ ಕುಬಟೂರಿನ ಕರಿಯಣ್ಣನದು. ಬಾಡಿಗೆ ಗಾಡಿ. ಆನವಟ್ಟಿ, ಸೊರಬದ ಕಡೆಯ ಕಿಡ್ನಿ ಕಾಯಿಲೆಯವರನ್ನು ಶಿವಮೊಗ್ಗಕ್ಕೆ ಡಯಾಲಿಸಿಸ್‌ಗೆ ಕರೆದೊಯ್ದು ತರುವುದು ಅವನ ಕೆಲಸ. ನಸುಕಿಗೇ ಹೊರಟರೆ ವಾಪಸು ಹೊರಡುವಾಗ ನೆತ್ತಿಯ ಮೇಲೆ ಬಿಸಿಲು. ಶಿವಮೊಗ್ಗ ಬಿಟ್ಟಾಗ ಗಾಡಿಯೊಳಗೆ ತಂಪಿರುತ್ತಿತ್ತು. ಸವಳಂಗ ದಾಟಿತೋ ಇಲ್ಲವೋ, ತಂಪು ಹೋಗುತ್ತಿತ್ತು. ಶಿಕಾರಿಪುರಕ್ಕೆ ಬಂದು, ಚಹಾಕ್ಕೆಂದು ನಿಲ್ಲಿಸಿ, ಮತ್ತೆ ಹೊರಟರೆ ಪುನಃ ತಂಪು. ಯಶೋಧರಾ ಅವರ ಶೆಡ್ಡಿನಲ್ಲಿ ನಿಂತಾಗಲಂತೂ ಅದಕ್ಕೆ ಯಾವ ರೋಗವೂ ಇಲ್ಲ.

ಏಸಿ ಕೆಟ್ಟರೆ ಕಿಟಕಿ ತೆಗೆದುಕೊಂಡು ಹೋದರಾಯಿತು ಎಂದು ಯಾರಾದರೂ ಅಂದಾರು. ಯಶೋಧರಾ ಕೂಡ ಹಾಗೇ ಅಂದುಕೊಂಡಿದ್ದರು, ಲೋಕಮ್ಮ ಈ ಶೆಡ್ಡಿಗೆ ಬಂದು ಕೂತು ಮಾತಾಡುವವರೆಗೆ.

ಲೋಕಮ್ಮ ಕುಬಟೂರಿನವರೇ. ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದು ನಿವೃತ್ತರಾದವರು. ಗಾಡಿ ಎರಡನೇ ಸಲ ದುರಸ್ತಿಗೆ ನಿಂತ ದಿನ ಅವರು ಅದರಲ್ಲೇ ಇದ್ದರು. ಡಯಾಲಿಸಿಸ್ ಮುಗಿಸಿ ಬಂದವರ ಮೈಯಲ್ಲಿ ತ್ರಾಣವಿರುವುದಿಲ್ಲ. ಕೈಹಿಡಿದು ಇಳಿಸಿ, ನೆರಳಿಗೆ ಕೂರಿಸಿ, ಯಶೋಧರಾ ಚೊಂಬಿನಲ್ಲಿ ನೀರು ತಂದರು. ಲೋಕಮ್ಮ ಚೊಂಬನ್ನೇ ನೋಡಿದರು, ಮುಟ್ಟಲಿಲ್ಲ.

“ಬ್ಯಾಡ ತಂಗಿ. ನೀರು ಲೆಕ್ಕ ಇಟ್ಟು ಕುಡೀಬೇಕು ನಾವು. ಹೆಚ್ಚಾದ್ರೆ ಉಸಿರು ಕಟ್ತದೆ. ಇವತ್ತಿನ ಪಾಲು ಆಯ್ತು.” ಬಾಯಲ್ಲಿದ್ದ ಏಲಕ್ಕಿ ಸಿಪ್ಪೆಯನ್ನು ಈ ದವಡೆಯಿಂದ ಆ ದವಡೆಗೆ ಸರಿಸಿದರು. “ಇದೊಂದನ್ನ ಚೀಪ್ತಾ ಹೋಗೋದು. ಬಿಸಿಲಿಗೆ ಗಂಟಲು ಒಣಗ್ತದೆ, ಎದುರಿಗೆ ನೀರಿರ್ತದೆ, ಕುಡಿಯಂಗಿಲ್ಲ. ಗಾಡಿ ತಣ್ಣಗಿದ್ರೆ ಹೆಂಗೋ ಊರು ಮುಟ್ತೀವಿ.”

ಯಶೋಧರಾ ಚೊಂಬು ಕೆಳಗಿಟ್ಟರು. ಏನಾಗುತ್ತದೆ ಗಾಡಿಯಲ್ಲಿ, ಸರಿಯಾಗಿ ಹೇಳಿ ಎಂದು ಕೇಳಿದರು. ಕರಿಯಣ್ಣ, “ತಂಪು ಕಮ್ಮಿ ಆಗ್ತದೆ ಅಕ್ಕಾ” ಎಂದ. ಲೋಕಮ್ಮ ತಲೆಯಾಡಿಸಿದರು.

“ತಂಪು ಅಲ್ಲ ಕಣೋ, ಗಾಳಿನೇ ಸಾಯ್ತದೆ. ನಾ ಮುಂದಿನ ಸೀಟಲ್ಲಿ ಕೂರದು, ಎದುರಿಗೇ ಆ ಗಾಳಿ ಬರೋ ಕಂಡಿ. ಮೊದ್ಲು ಸೆರಗು ಹಾರೋವಷ್ಟು ಬರ್ತದೆ. ಬರ್ತಾ ಬರ್ತಾ ಯಾರೋ ಬಾಗಿಲು ಮುಚ್ಕಂಡ ಹಂಗೆ. ಒಳಗೆ ಸದ್ದು ಮಾತ್ರ ಬರ್ತಿರ್ತದೆ, ಗಾಳಿ ಇಲ್ಲ.”

ಆ ಮಾತನ್ನು ಯಶೋಧರಾ ಹಾಗೇ ಗೋಡೆಗೆ ಹೇಳಿದರು. “ಕೇಳಿಸ್ತಾ? ಮುಂದೆ ಕೂತೋರು ಹೇಳ್ತಾರೆ, ಗಾಳಿನೇ ಸಾಯ್ತದಂತೆ. ಫ್ಯಾನಿನ ಸದ್ದು ಹಂಗೇ ಇರ್ತದಂತೆ.”

ಗೋಡೆಯಾಚೆ ಬಹಳ ಹೊತ್ತು ಏನೂ ಇರಲಿಲ್ಲ. ಆಮೇಲೆ, “ಗ್ಯಾಸ್ ಕಡಿಮೆ ಐತಿ. ಖಾಲಿ ಮಾಡಿ ಮತ್ತೆ ತುಂಬು.”

ತುಂಬಿದರು. ಗಾಡಿ ಹೋಯಿತು. ವಾರ ಕಳೆಯುವಷ್ಟರಲ್ಲಿ ಅದೇ ದೂರು. ಆಗಲೇ ಬಣ್ಣ ಬಿಟ್ಟು, ಆ ಮುಂಜಾನೆ ಟಾರ್ಚು ಹಿಡಿದು ಸೋರಿಕೆ ಹುಡುಕಿದ್ದು. ಸೋರಿಕೆ ಇದ್ದರಲ್ಲವೇ ಸಿಗುವುದು.

ಬೆಳಗಾದ ಮೇಲೆ ಗಾಡಿ ಒಯ್ಯಲು ಬಂದ ಕರಿಯಣ್ಣನಿಗೆ ಯಶೋಧರಾ ಹೇಳಿದರು: “ನಾಳೆ ನಾನೂ ಬರ್ತೀನಿ. ಶೆಡ್ಡಲ್ಲಿ ನಿಂತು ಇದರ ರೋಗ ತಿಳಿಯಂಗಿಲ್ಲ. ಎಲ್ಲಿ ಕೆಡ್ತತೋ ಅಲ್ಲೇ ಇರ್ಬೇಕು ನಾನು.” ಆಮೇಲೆ ಕೇಳಿದರು, “ಲೋಕಮ್ಮನೋರು ಬರ್ತಾರಲ್ಲ?”

ಕರಿಯಣ್ಣ ಕೀಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದ. “ಅವ್ರು ಬರ್ತಿಲ್ಲ ಅಕ್ಕಾ. ಹೋದ ಸಲ ಬಂದಾಗ ದಾರಿಲಿ ಕಣ್ಣು ಕತ್ತಲೆ ಬಂದು ಒರಗಿಬಿಟ್ರು. ಆ ಬಿಸಿ ಡಬ್ಬಿಲಿ ಕೂತು ಬೇಯೋದಕ್ಕಿಂತ ಮನೇಲೇ ಇರ್ತೀನಿ ಅಂತಾರೆ. ಮಗಳು ಅತ್ತು ಕರೆದ್ರೂ ಹೊರಡ್ಲಿಲ್ಲ. ಗಾಡಿ ಸರಿ ಆದ್ರೆ ಹೇಳು, ಬರ್ತೀನಿ ಅಂದಾರೆ.”

ಈ ಮಾತನ್ನು ಯಶೋಧರಾ ಗೋಡೆಗೆ ಹೇಳಲಿಲ್ಲ. ಹೇಳಬೇಕಿತ್ತು ಎಂದು ಈಗ ಅನ್ನಿಸುತ್ತದೆ ಅವರಿಗೆ.

ಮರುದಿನ ಅವರು ಗಾಡಿಯ ಮುಂದಿನ ಸೀಟಿನಲ್ಲಿ, ಲೋಕಮ್ಮ ಕೂರುತ್ತಿದ್ದ ಜಾಗದಲ್ಲಿ ಕೂತು ಶಿವಮೊಗ್ಗಕ್ಕೆ ಹೋದರು. ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಮಧ್ಯಾಹ್ನದವರೆಗೆ ಕಾದರು. ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಇಬ್ಬರು ಕಾಯಿಲೆಯವರು, ಕಣ್ಣು ಮುಚ್ಚಿ ಒರಗಿದ್ದರು. ಯಶೋಧರಾ ಎಡಗೈಯನ್ನು ಕಂಡಿಯ ಮುಂದೆ ಹಿಡಿದೇ ಇದ್ದರು. ಹಿಂದಿನ ಸಂಜೆ ಒಂದು ಹದ ಮಳೆ ಬಿದ್ದಿತ್ತು. ಬಿಸಿಲಿನ ಜೊತೆ ಸೆಕೆಯೂ ಸೇರಿ ಹೊರಗೆ ಉಸಿರು ಕಟ್ಟುವಂತಿತ್ತು. ಒಳಗೆ ತಂಪು ಚೆನ್ನಾಗಿತ್ತು. ಸವಳಂಗ ಬಂತು. ದಾಟಿತು. ಸ್ವಲ್ಪ ಹೊತ್ತಿಗೆ ಕೈಗೆ ಬಡಿಯುತ್ತಿದ್ದ ಗಾಳಿ ಸಣ್ಣದಾಯಿತು. ಇನ್ನೂ ಸಣ್ಣದಾಯಿತು. ಫ್ಯಾನು ಮೊದಲಿನಂತೆಯೇ ಗುಯ್ಯೆನ್ನುತ್ತಿತ್ತು.

“ನಿಲ್ಸಿ ಕರಿಯಣ್ಣ,” ಎಂದರು.

ರಸ್ತೆಬದಿಯ ಹೊಂಗೆಮರದಡಿ ಗಾಡಿ ನಿಂತಿತು. ಬಾನೆಟ್ ಎತ್ತಿ ನೋಡಿದರೆ, ಒಳಗಿನಿಂದ ಕಂಪ್ರೆಸರಿಗೆ ಬರುವ ದಪ್ಪ ಪೈಪು ಬೆಳ್ಳಗಾಗಿತ್ತು. ಉದ್ದಕ್ಕೂ ಹಿಮ. ಯಶೋಧರಾ ಉಗುರಿನಿಂದ ಕೆರೆದರು. ತೆಂಗಿನ ತುರಿಯಂತೆ ಉದುರಿತು. ಹೊರಗಿನ ಪೈಪೇ ಹೀಗಿದ್ದರೆ, ಡ್ಯಾಶ್‌ಬೋರ್ಡಿನ ಒಳಗೆ ಗಾಳಿಯನ್ನು ತಣಿಸುವ ಕೂಲಿಂಗ್ ಕಾಯಿಲ್ ಇನ್ನು ಹೇಗಿದ್ದೀತು. ಅದು ಮಂಜುಗಡ್ಡೆಯ ಗೋಡೆಯಾಗಿ ನಿಂತಿದೆ, ಗಾಳಿ ತೂರಲು ಜಾಗವಿಲ್ಲ. ತಂಪು ಕಡಿಮೆಯಾಗಿದ್ದಲ್ಲ, ಮಿತಿಮೀರಿದ್ದು.

ಕಾಯಿಲ್ ಅಷ್ಟು ತಣ್ಣಗಾಗುವ ಮೊದಲೇ ಕಂಪ್ರೆಸರ್ ನಿಲ್ಲಬೇಕು. ನಿಲ್ಲು ಎಂದು ಹೇಳುವುದಕ್ಕೆ ಅಲ್ಲೊಂದು ಪುಟ್ಟ ಸೆನ್ಸರ್ ಇರುತ್ತದೆ. ಅದು ಸತ್ತಿತ್ತು. ಶೆಡ್ಡಿನಲ್ಲಿ ನಿಂತ ಗಾಡಿಯಲ್ಲಿ ಇಂಜಿನ್ ಮೆಲ್ಲಗೆ ಓಡುತ್ತಿರುವುದರಿಂದ ಮಂಜು ಕಟ್ಟುತ್ತಿರಲಿಲ್ಲ. ದೂರದ ದಾರಿಯಲ್ಲಿ ಕಟ್ಟುತ್ತಿತ್ತು, ಚಹಾಕ್ಕೆ ನಿಲ್ಲಿಸಿದಾಗ ಕರಗುತ್ತಿತ್ತು. ಯಶೋಧರಾ ಏಸಿ ಆರಿಸಿ ಫ್ಯಾನು ಮಾತ್ರ ಓಡಿಸಿದರು. ಗಾಡಿಯ ಅಡಿಯಿಂದ ನೀರು ಧಾರೆಯಾಗಿ ಬಿತ್ತು. ಅದು ಮಣ್ಣಿನಲ್ಲಿ ಇಂಗುವುದನ್ನು ಹಿಂದಿನ ಸೀಟಿನ ಮುದುಕ ಕಿಟಕಿಯಿಂದ ಬಗ್ಗಿ ನೋಡುತ್ತಿದ್ದ. ಬಾಯಾರಿದವನ ನೋಟ ಅದು. ಗಾಳಿ ಮತ್ತೆ ಬಂತು.

ಮದುವೆಯಾಗಿ ಇಷ್ಟು ವರ್ಷದಲ್ಲಿ ಗಂಡ ಹೇಳದೇ ತಾವೇ ಹಿಡಿದ ಮೊದಲ ರೋಗ ಇದು ಎಂದು ದಾರಿಯುದ್ದಕ್ಕೂ ಅಂದುಕೊಂಡರು ಯಶೋಧರಾ. ಖುಷಿಯೂ ಆಯಿತು, ಒಂಥರಾ ಭಯವೂ ಆಯಿತು. ಮನೆಗೆ ಬಂದು, “ಕಾಯಿಲ್ ಐಸ್ ಕಟ್ತಿತ್ತು ರೀ. ಸೆನ್ಸರ್ ಹೋಗೇತಿ,” ಎಂದರು. ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ ಚೌಡೇಶ್, “ಹೂಂ” ಎಂದರು. ಅಷ್ಟೇ.

ಸೆನ್ಸರು ಶಿವಮೊಗ್ಗದ ಅಂಗಡಿಯಿಂದ ಬಸ್ಸಿನಲ್ಲಿ ಬಂತು. ನೋಡಲು ದಾರ ಕಟ್ಟಿದ ಹೆಸರುಕಾಳಿನ ಹಾಗಿತ್ತು. ಡ್ಯಾಶ್‌ಬೋರ್ಡ್ ಬಿಚ್ಚಿ ಅದನ್ನು ಕೂರಿಸುವುದರೊಳಗೆ ಯಶೋಧರಾ ಅವರ ಕೈಯೆಲ್ಲ ತರಚಿ ಹೋಗಿತ್ತು. ಕರಿಯಣ್ಣನ ಜೊತೆ ತಾವೇ ಶಿರಾಳಕೊಪ್ಪ ದಾಟಿ ದೂರದವರೆಗೆ ಹೋಗಿ ಬಂದರು. ಎಡಗೈ ಕಂಡಿಯ ಮುಂದೆಯೇ ಇತ್ತು. ಗಾಳಿ ಒಂದೇ ಸಮ ಬಂತು, ಸಾಯಲಿಲ್ಲ.

“ಲೋಕಮ್ಮನೋರಿಗೆ ಹೇಳ್ರಿ, ಗಾಡಿ ಸರಿ ಆಗೇತಿ, ನಾಳೆ ಹೊರಡ್ಲಿ ಅನ್ರಿ,” ಎಂದು ಕಳಿಸಿಕೊಟ್ಟರು.

ಮರುದಿನ ಮಧ್ಯಾಹ್ನ ಕರಿಯಣ್ಣನ ಗಾಡಿ ಶಿವಮೊಗ್ಗದ ಕಡೆಯಿಂದ ಬರಬೇಕಿತ್ತು. ಬೆಳಗ್ಗೆ ಹೋಗುವಾಗಲೇ ಶೆಡ್ಡಿನ ಮುಂದೆ ನಿಂತಿತು. ಅವನು ಇಳಿದ, ಆದರೆ ಶೆಡ್ಡಿನೊಳಗೆ ಬರಲಿಲ್ಲ. ರಸ್ತೆಬದಿಯಲ್ಲೇ ನಿಂತ. ಯಶೋಧರಾ ಕೈ ಒರೆಸಿಕೊಳ್ಳುತ್ತಾ ಹೊರಗೆ ಹೋದರು.

“ನಾ ಹೋಗೋದ್ರಾಗೆ ಆಗಿಹೋಗಿತ್ತು ಅಕ್ಕಾ. ನಿನ್ನೆ ಸಂಜೆ. ಉಸಿರಾಡಾಕೆ ಆಗ್ತಿಲ್ಲ ಅಂದ್ರಂತೆ ಲೋಕಮ್ಮನೋರು. ಆನವಟ್ಟಿ ಆಸ್ಪತ್ರೆ ಮುಟ್ಟೋವರೆಗೂ ಇರ್ಲಿಲ್ಲ.”

ಹೃದಯ ನಿಂತಿತು ಎಂದು ಡಾಕ್ಟರು ಹೇಳಿದರಂತೆ. ಡಯಾಲಿಸಿಸ್ ತಪ್ಪಿಸಿದ್ದರಿಂದಲೋ, ಆಗಲೇ ಹಾಗಾಗುವುದಿತ್ತೋ, ಯಾರೂ ಖಚಿತವಾಗಿ ಹೇಳಲಿಲ್ಲ. ಲೋಕಮ್ಮನ ಮಗಳು ಮೇಘನಾ ಕರಿಯಣ್ಣನನ್ನು ದೂರಲಿಲ್ಲ. ಕಾಯಿಲೆ ಅಂದ ಮೇಲೆ ಹೀಗೇ ಅಲ್ಲವೇ ಎಂದಳಂತೆ. ಕರಿಯಣ್ಣ ಅದನ್ನೂ ಹೇಳಿ, ಗಾಡಿಯಲ್ಲಿದ್ದ ಉಳಿದವರನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಹೊರಟ. ಗಾಡಿಯ ಮುಂದಿನ ಸೀಟು ಖಾಲಿ ಇತ್ತು.

ಯಶೋಧರಾ ಒಳಗೆ ಹೋದರು. ಅಂದು ಗೋಡೆಗೆ ಹೇಳಲಿಲ್ಲ. ಮಂಚದ ಹತ್ತಿರ ನೆಲಕ್ಕೆ ಕೂತು ಹೇಳಿದರು. ಚೌಡೇಶ್ ಎದ್ದು ಕೂತರು.

“ಯಾರು? ಗಾಳಿ ಸಾಯ್ತದೆ ಅಂದಾಕಿನಾ?”

“ಹೂಂ.”

ಅವರು ಕೈಯಿಂದ ಹಾಸಿಗೆ ಸವರಿದರು, ಏನನ್ನೋ ಹುಡುಕುವವರಂತೆ. ಹೊರಗೆ ಯಾವುದೋ ಗಾಡಿ ಬಂದು ಹಾರ್ನ್ ಹೊಡೆಯಿತು. ಇಬ್ಬರೂ ಏಳಲಿಲ್ಲ. ಹಾರ್ನ್ ಹೊಡೆದವನು ಹೊರಟುಹೋದ.

“ಆಕಿ ಆ ಮಾತಂದ ದಿನಾನೇ ನಂಗೆ ಗೊತ್ತಾಗಿತ್ತು,” ಎಂದರು ಚೌಡೇಶ್. “ಐಸ್ ಕಟ್ಟೇತಿ ಅಂತ.”

ಯಶೋಧರಾಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೂ ಅವರು ಕೇಳಿದ್ದು ಒಂದೇ ಮಾತು. “ಮತ್ತೆ ಗ್ಯಾಸ್ ಅಂದ್ರಿ?”

“ಅಂದೆ.”

“ಯಾಕೆ?”

ದನಿ ಬೇರೆಯವರದೇ ಎನ್ನುವಂತಿತ್ತು. “ಎಲ್ಲ ಕಲ್ತುಬಿಟ್ಟೆ ನೀನು. ಕಂಪ್ರೆಸರ್ ಬಿಚ್ತಿ, ಗ್ಯಾಸ್ ತುಂಬ್ತಿ. ಇನ್ನು ಇದೊಂದು ಉಳಿದಿತ್ತು, ಎಲ್ಲಿ ಕೆಟ್ಟೇತಿ ಅಂತ ಹೇಳೋದು. ಅದನ್ನೂ ಕಲ್ತರೆ ನನ್ನ ಯಾಕೆ ಕೇಳ್ತಿ? ಒಂದೆರಡು ಸಲ ತಿರುಗ್ಲಿ, ಗೊತ್ತಾಗವಲ್ದು ಅಂತ ಬರ್ತಿ, ಆಗ ಹೇಳಣ ಅಂತ ಇದ್ದೆ. ಗಾಡಿ ಏನು ಓಡಿ ಹೋಗ್ತತಾ ಅಂದ್ಕಂಡೆ.” ಆಮೇಲೆ, “ಒಳಗೆ ಮನುಷ್ಯರಿದ್ರು ಅನ್ನೋದು ನೆಪ್ಪಿರಲಿಲ್ಲ.”

ಯಶೋಧರಾ ಬೈಯಲಿಲ್ಲ. ಕರಿಯಣ್ಣ ಅಂದು ಹೇಳಿದ್ದನ್ನು, ಲೋಕಮ್ಮ ಮನೆಯಲ್ಲೇ ಉಳಿದಿದ್ದಾರೆ ಎಂಬುದನ್ನು ತಾವು ಗೋಡೆಗೆ ಹೇಳಿದ್ದರೆ ಇವರು ಆ ದಿನವೇ ಬಾಯಿ ಬಿಡುತ್ತಿದ್ದರೋ ಏನೋ ಎಂದು ಯೋಚನೆ ಬಂತು. ಎದ್ದು ಹೋಗಿ ಹೊರಗಿನ ನಲ್ಲಿಯ ಹತ್ತಿರ ನಿಂತರು. ಎಷ್ಟು ಹೊತ್ತು ಎಂದು ಅವರಿಗೆ ನೆನಪಿಲ್ಲ. ಒಳಗಿನಿಂದ ಗಂಡ ಅಳುವುದು ಕೇಳುತ್ತಿತ್ತು. ಕಣ್ಣು ಹೋದಾಗಲೂ ಅವರು ಅತ್ತಿರಲಿಲ್ಲ. ಒಳಗೆ ಹೋಗಬೇಕು ಅನ್ನಿಸಿತು. ಹೋಗಲಿಲ್ಲ.

ಲೋಕಮ್ಮನ ತಿಥಿಗೆ ಯಶೋಧರಾ ಕುಬಟೂರಿಗೆ ಹೋಗಿದ್ದರು. ಅಲ್ಲಿ ಅವರು ಯಾರೆಂದು ಬಹಳ ಜನಕ್ಕೆ ಗೊತ್ತಿರಲಿಲ್ಲ. ಮೇಘನಾ ಮಾತ್ರ ಊರು ಕೇಳಿ ಗುರುತು ಹಿಡಿದು, “ಶಿಕಾರಿಪುರದಲ್ಲಿ ನೆರಳಿಗೆ ಕೂರಿಸಿ ನೀರು ಕೊಡಾಕೆ ಬಂದ್ರಂತಲ್ಲ, ನೀವೇ ಅಲ್ವಾ? ಅಮ್ಮ ಹೇಳ್ತಿದ್ರು,” ಎಂದು ಕೈಹಿಡಿದು ಒಳಗೆ ಕರೆದಳು. ಎಲೆ ಹಾಕಿ ಬಡಿಸಿದಳು. ಗಂಡ ಹೇಳಿದ್ದನ್ನು ಅವಳಿಗೆ ಹೇಳಿಬಿಡಬೇಕು ಎಂದುಕೊಂಡೇ ಬಸ್ಸು ಹತ್ತಿದ್ದರು ಯಶೋಧರಾ. ಅವಳು ಎದುರಿಗೆ ನಿಂತು, “ಇನ್ನೊಂಚೂರು ಹಾಕ್ಲಾ ಅಕ್ಕಾ?” ಎಂದು ಕೇಳಿದಾಗ ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದರು. ಊಟ ಮುಗಿಸಿದರು. ಹೇಳದೆ ಬಂದರು.

ಆಮೇಲೆ ಒಂದು ಸಂಜೆ, ಮತ್ತೆ ಹೋಗಿ ಹೇಳಿ ಬಂದರು. ಮೇಘನಾ ಕೇಳಿಸಿಕೊಂಡಳು. ಹೊಸ್ತಿಲ ಹತ್ತಿರ ಬಿಟ್ಟಿದ್ದ ಯಶೋಧರಾ ಅವರ ಚಪ್ಪಲಿಯನ್ನು ಕಾಲಿನಿಂದ ಸರಿಸಿ, ಬಾಗಿಲು ಹಾಕಿಕೊಂಡಳು. ಕಡೆಯ ಬಸ್ಸು ಹೋಗಿತ್ತು. ಕರಿಯಣ್ಣನೇ ಶಿಕಾರಿಪುರದವರೆಗೆ ಬಿಟ್ಟುಹೋದ.

ಇದೆಲ್ಲ ಪತ್ರಿಕೆಯಲ್ಲಿ ಬರುತ್ತದಲ್ಲ, ಪರವಾಗಿಲ್ಲವೇ ಎಂದು ಕೇಳಿದರೆ ಯಶೋಧರಾ ತಗಡಿನ ಗೋಡೆಯ ಕಡೆ ನೋಡುತ್ತಾರೆ. ಮಾತು ಅಲ್ಲಿಂದಲೇ ಬರುತ್ತದೆ. “ಬರಕಳ್ಳಿ ಬಿಡು,” ಎನ್ನುತ್ತಾರೆ ಚೌಡೇಶ್. “ಹೆಸರೂ ಹಾಕ್ಲಿ.”

ಈಗ ಮಳೆಗಾಲ ಹತ್ತಿರವಾಗಿದೆ. ಅಂಬ್ಲಿಗೊಳದ ಕಡೆ ಮೋಡ ಕಟ್ಟುತ್ತಿದೆ. ಇನ್ನು ಕೆಲವು ತಿಂಗಳು ಏಸಿ ಕೇಳಿಕೊಂಡು ಬರುವವರು ಇರುವುದಿಲ್ಲ. ಬಂದ ಒಂದೋ ಎರಡೋ ಗಾಡಿಯ ಮುಂದೆ ಯಶೋಧರಾ ನಿಂತರೆ ಸಾಕು, ಗೋಡೆಯಾಚೆಯಿಂದ ಕೇಳದೆಯೇ ಮಾತು ಶುರುವಾಗುತ್ತದೆ. ಅದನ್ನು ನೋಡು, ಇದನ್ನು ಮುಟ್ಟು, ಫ್ಯಾನಿನ ವೈರು ಎಳೆದು ನೋಡು, ಅದಲ್ಲದಿದ್ದರೆ ಇದು. ಗೊತ್ತಿರುವುದನ್ನೆಲ್ಲ ಒಂದೇ ಉಸಿರಿಗೆ ಸುರಿಯುತ್ತಾರೆ ಚೌಡೇಶ್. ಯಶೋಧರಾ ಬೇಡ ಅನ್ನುವುದಿಲ್ಲ. ಹೂಂ ಅನ್ನುವುದೂ ಇಲ್ಲ. ತಮಗೆ ತೋಚಿದ ಕಡೆಯಿಂದ ಬಿಚ್ಚಲು ಶುರುಮಾಡುತ್ತಾರೆ. ತಾವು ಏನು ಕಂಡೆವು ಎಂದು ಹೇಳುವುದನ್ನು ಬಿಟ್ಟಿದ್ದಾರೆ. ಉತ್ತರವಿಲ್ಲದೆ ಗೋಡೆಯಾಚೆಯ ದನಿ ತಾನಾಗಿಯೇ ತಗ್ಗುತ್ತದೆ, ನಿಲ್ಲುತ್ತದೆ.

ಮಧ್ಯಾಹ್ನ ಅನ್ನ ಬಡಿಸಿ ತಟ್ಟೆಯನ್ನು ಅವರ ಕೈಗೆ ಮುಟ್ಟಿಸುತ್ತಾರೆ. ಸಾರು ಬಿಸಿ ಇದೆ ಎಂದು ಹೇಳುತ್ತಾರೆ. ಗಂಡನೊಂದಿಗೆ ಅವರು ಈಗ ದಿನಕ್ಕೆ ಆಡುವ ಮಾತು ಅಷ್ಟೇ.

ಅವರನ್ನು ಕ್ಷಮಿಸಿದ್ದೀರಾ ಎಂದು ಕೇಳಿದರೆ ಯಶೋಧರಾ ತಲೆ ಎತ್ತುವುದಿಲ್ಲ. ಬಿಚ್ಚಿಟ್ಟ ಬ್ಲೋವರ್ ಫ್ಯಾನಿನ ಧೂಳನ್ನು ಬ್ರಶ್ಶಿನಿಂದ ತೆಗೆಯುತ್ತಾ ಇರುತ್ತಾರೆ. ರಸ್ತೆಯಲ್ಲಿ ನಿಧಾನಿಸಿದ ಕಾರೊಂದರಿಂದ ಯಾರೋ ತಲೆ ಹೊರಗೆ ಹಾಕಿ, ಮೇಸ್ತ್ರಿ ಇದಾರೇನಮ್ಮ ಎಂದು ಕೇಳುತ್ತಾರೆ.

“ಗಾಡಿ ಒಳಗೆ ತಗಂಬರ್ರಿ,” ಎನ್ನುತ್ತಾರೆ ಯಶೋಧರಾ, ಬ್ರಶ್ಶು ಕೆಳಗಿಡುತ್ತಾ. ಆಮೇಲೆ ಈ ಕಡೆ ತಿರುಗಿ, “ಕ್ಷಮೆ ಗಿಮೆ ನಂಗೆ ತಿಳಿಯಂಗಿಲ್ರಿ. ಗಾಡಿ ನೋಡಾಕೆ ಬರ್ತತಿ. ಅದೊಂದು ಬರ್ತತಿ.”